ದೇವಪದವಿಯನ್ನು ಬಯಸಿದ ಮಾಂತ್ರಿಕ

ದೇವರಾಗಬೇಕೆಂಬ ಆಶೆ ಮನುಷ್ಯನಿಗೆ ಹೊಸದಲ್ಲ. ನಮ್ಮ ಪುರಾಣಗಳನ್ನು ತೆರೆದರೆ ಈ ಆಶೆಗೆ ಸಿಕ್ಕಿ ಕೆಟ್ಟವರ ಕಥೆಗಳು ಎಷ್ಟೋ ದೊರೆಯುತ್ತವೆ. ನಹುಷನು ಮನುಷ್ಯನಾಗಿದ್ದು ಇಂದ್ರಪದವಿಯನ್ನೇರಿದನು; ಋಷಿಗಳಿಂದ ಪಲ್ಲಕ್ಕಿಯನ್ನು ಹೊರಿಸಿಕೊಂಡು ಹೋಗುವಾಗ ಶಾಪಕ್ಕೆ ಗುರಿಯಾಗಿ, ಹೆಬ್ಬಾವಾಗಿ ನೆಲಕ್ಕೆ ಬಿದ್ದನು. ಹಿರಣ್ಯಕಶಿಪು ತನ್ನನ್ನಲ್ಲದೆ ಬೇರೊಬ್ಬ ದೇವರನ್ನು ಯಾರೂ ನೆನೆಯಕೂಡದೆಂದು ಆಜ್ಞೆ ಮಾಡಿದನು. ಭಸ್ಮಾಸುರನು ವರ ಕೊಟ್ಟ ಶಿವನ ತಲೆಯ ಮೇಲೆಯೇ ಕೈಯಿಡಲು ಹೊರಟನು. ಇವರೆಲ್ಲರೂ ಹೊರಗಿನಿಂದ ಬಂದ ತಡೆಯಿಂದ ಸೋತವರು: ಒಬ್ಬನಿಗೆ ಋಷಿಶಾಪ, ಒಬ್ಬನಿಗೆ ನರಸಿಂಹ, ಒಬ್ಬನಿಗೆ ಮೋಹಿನಿ. ಯಾರೂ ಅಡ್ಡ ಬಾರದೆ ಹೋಗಿದ್ದರೆ, ಬಯಸಿದ ಸಿಂಹಾಸನವು ಅವರಿಗೆ ಶಾಶ್ವತವಾಗಿ ದೊರೆತೇ ಬಿಟ್ಟಿದ್ದರೆ, ಆಮೇಲೆ ಏನಾಗುತ್ತಿತ್ತು? ಈ ಪ್ರಶ್ನೆಯನ್ನು ಪುರಾಣಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಇದನ್ನು ಕೇಳಿ, ಒಂದು ಉತ್ತರವನ್ನೂ ಕೊಟ್ಟಿರುವ ಕಥೆಯೊಂದು 1986ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದರ ನಾಯಕನು ರೇಸ್ಟ್ಲಿನ್ ಎಂಬ ಮಾಂತ್ರಿಕ. ಅವನ ವಿಷಯವಾಗಿ ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಈ ಕಥೆ ಹುಟ್ಟಿದ ಬಗೆಯೇ ಸ್ವಲ್ಪ ವಿಚಿತ್ರವಾದುದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಅಮೆರಿಕದಲ್ಲಿ ಬಳಕೆಗೆ ತಂದರು. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬನು ಸೂತ್ರಧಾರ, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ವೇಷವಿಲ್ಲ, ರಂಗವಿಲ್ಲ, ಮಾತಿನಲ್ಲಿಯೇ ಎಲ್ಲವೂ ನಡೆಯಬೇಕು. ನಮ್ಮ ಕರಾವಳಿಯ ತಾಳಮದ್ದಳೆಯನ್ನು ಕೇಳಿದವರಿಗೆ ಇದು ಬೇಗ ಅರ್ಥವಾದೀತು. ಭೇದವಿಷ್ಟೆ: ತಾಳಮದ್ದಳೆಯಲ್ಲಿ ಕಥೆಯ ಕೊನೆ ಎಲ್ಲರಿಗೂ ಮೊದಲೇ ಗೊತ್ತು, ಈ ಆಟದಲ್ಲಿ ಅದು ಯಾರಿಗೂ ಗೊತ್ತಿಲ್ಲ, ದಾಳ ಬಿದ್ದಂತೆ ಕಥೆ. 1982ರಲ್ಲಿ ಟ್ರೇಸಿ ಹಿಕ್‌ಮನ್ ಮತ್ತು ಅವರ ಪತ್ನಿ ಲಾರಾ ಹಿಕ್‌ಮನ್ ಯೂಟಾ ಪ್ರಾಂತದಿಂದ ವಿಸ್ಕಾನ್ಸಿನ್ ಪ್ರಾಂತಕ್ಕೆ ಮೋಟಾರಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ, ಈ ಆಟಕ್ಕಾಗಿ ಒಂದು ಹೊಸ ಲೋಕವನ್ನು ಕಲ್ಪಿಸಿಕೊಂಡರು. ಆಟವನ್ನು ಪ್ರಕಟಿಸುತ್ತಿದ್ದ ಟಿ.ಎಸ್.ಆರ್. ಎಂಬ ಸಂಸ್ಥೆಯಲ್ಲಿ ಸಂಪಾದಕಿಯಾಗಿದ್ದ ಮಾರ್ಗರೆಟ್ ವೈಸ್ ಎಂಬಾಕೆ ಟ್ರೇಸಿಯೊಡನೆ ಕೂಡಿ ಆ ಲೋಕದ ಕಥೆಯನ್ನು ಕಾದಂಬರಿಯಾಗಿ ಬರೆದರು. ಮೊದಲನೆಯ ಸಂಪುಟವು 1984ರಲ್ಲಿ ಹೊರಬಿತ್ತು. ಈ ಮಾಂತ್ರಿಕನ ಚರಿತ್ರೆಯೇ ಪ್ರಧಾನವಾದ ಮೂರು ಸಂಪುಟಗಳು 1986ರಲ್ಲಿ ಬಂದುವು. ಆರಂಭದ ಒಂದು ಆಟದಲ್ಲಿ ರೇಸ್ಟ್ಲಿನ್ನನ ಪಾತ್ರವನ್ನು ವಹಿಸಿದ್ದವನು, ಯಾರೂ ಹೇಳಿಕೊಡದೆ, ಬಿಸುಗುಟ್ಟುವ ಕೀರಲು ದನಿಯಲ್ಲಿ ಮಾತನಾಡಿಬಿಟ್ಟನಂತೆ. ಆ ದನಿಯೇ ಗ್ರಂಥದಲ್ಲಿ ಪಾತ್ರದ ಜೀವವಾಗಿ ನಿಂತಿತು.

ಆ ಕಲ್ಪಿತಲೋಕದ ಹೆಸರು ಕ್ರಿನ್. ಅದಕ್ಕೆ ದೇವತೆಗಳು ಇಪ್ಪತ್ತೊಂದು ಮಂದಿ. ಅವರಲ್ಲಿ ಏಳು ಮಂದಿ ಒಳ್ಳೆಯವರು, ಏಳು ಮಂದಿ ಕೆಟ್ಟವರು, ಉಳಿದ ಏಳು ಮಂದಿ ಎರಡು ಪಕ್ಷಕ್ಕೂ ಸೇರದ ತಟಸ್ಥರು. ಒಳ್ಳೆಯವರ ಮುಖ್ಯನು ಪಾಲಡೈನ್. ಕೆಟ್ಟವರ ರಾಣಿ ಟಾಕಿಸಿಸ್. ಯಾವ ಒಂದು ಪಕ್ಷವೂ ಪೂರ್ತಿಯಾಗಿ ಗೆಲ್ಲಬಾರದು, ತಕ್ಕಡಿ ತೂಗಾಡುತ್ತಲೇ ಇರಬೇಕು. ಇದು ಆ ಲೋಕದ ಧರ್ಮ. ಅಲ್ಲಿ ಆಕಾಶಕ್ಕೆ ಮೂರು ಚಂದ್ರರು: ಬಿಳಿಯದು, ಕೆಂಪಿನದು, ಕರಿಯದು. ಮಾಂತ್ರಿಕರೂ ಮೂರು ಬಗೆ. ಯಾವ ಚಂದ್ರನಿಂದ ಶಕ್ತಿ ಪಡೆಯುತ್ತಾರೋ ಆ ಬಣ್ಣದ ನಿಲುವಂಗಿಯನ್ನು ತೊಡುತ್ತಾರೆ. ಕರಿಯ ಚಂದ್ರನು ಸಾಮಾನ್ಯರ ಕಣ್ಣಿಗೆ ಬೀಳುವುದಿಲ್ಲ. ಆ ಮಾರ್ಗಕ್ಕೆ ಮನಸ್ಸನ್ನು ಕೊಟ್ಟವರಿಗೆ ಮಾತ್ರ ಕಾಣುತ್ತಾನೆ.

ರೇಸ್ಟ್ಲಿನ್ ಮತ್ತು ಕ್ಯಾರಮನ್ ಅವಳಿ ಮಕ್ಕಳು. ಕೆಲವು ನಿಮಿಷಗಳಷ್ಟು ಹಿರಿಯನಾದ ಕ್ಯಾರಮನ್ನನಿಗೆ ದೇಹಬಲ, ಸೌಂದರ್ಯ, ಎಲ್ಲರ ಸ್ನೇಹ ದೊರೆತುವು. ಕಿರಿಯನಿಗೆ ದೊರೆತದ್ದು ರೋಗ ಹಿಡಿದ ಶರೀರ ಮತ್ತು ಕತ್ತಿಯಂಥ ಬುದ್ಧಿ. ಊರ ಹುಡುಗರು ತಮ್ಮನನ್ನು ಹೀಯಾಳಿಸುವರು. ಅಣ್ಣನು ಬಂದು ಬಿಡಿಸುವನು. ಹೀಯಾಳಿಕೆಗಿಂತಲೂ ಆ ಬಿಡುಗಡೆಯೇ ತಮ್ಮನಿಗೆ ಹೆಚ್ಚು ನೋವು ಕೊಡುತ್ತಿತ್ತೆಂಬುದು ಗ್ರಂಥಕರ್ತರ ಸೂಕ್ಷ್ಮವಾದ ಅವಲೋಕನ. ಮಾಂತ್ರಿಕನಾಗಬೇಕಾದವನು ಪ್ರಾಣಾಂತಿಕವಾದ ಒಂದು ಪರೀಕ್ಷೆಗೆ ಒಳಗಾಗಬೇಕೆಂಬುದು ಅಲ್ಲಿನ ನಿಯಮ. ರೇಸ್ಟ್ಲಿನ್ನನ ಪರೀಕ್ಷೆಯಲ್ಲಿ ಮಾಯೆಯ ಕ್ಯಾರಮನ್ನನೊಬ್ಬನು ಬಂದು, ತಮ್ಮನ ಸೊತ್ತಾದ ಮಂತ್ರವಿದ್ಯೆಯನ್ನು ತಾನೇ ಸಲೀಸಾಗಿ ಪ್ರಯೋಗಿಸಿ ತೋರಿಸುತ್ತಾನೆ. ತನಗೆ ಉಳಿದಿದ್ದ ಒಂದೇ ಒಂದು ಭಾಗ್ಯವೂ ಅಣ್ಣನ ಪಾಲಾಯಿತೆಂದು ತಿಳಿದು ರೇಸ್ಟ್ಲಿನ್ ಆ ಮಾಯಾರೂಪವನ್ನು ಕೊಂದುಬಿಡುತ್ತಾನೆ. ನಿಜವಾದ ಅಣ್ಣನು ಅದನ್ನು ಕಣ್ಣಾರೆ ನೋಡುತ್ತಿರುತ್ತಾನೆ. ಪರೀಕ್ಷೆಯಲ್ಲಿ ಗೆದ್ದವನಿಗೆ ದೊರೆತದ್ದು ಹೊನ್ನಿನ ಬಣ್ಣದ ಚರ್ಮ, ಬಿಡದ ಕೆಮ್ಮು, ಮತ್ತು ಮರಳುಗಡಿಯಾರದ ಆಕಾರದ ಕಣ್ಣಿನ ಪಾಪೆ. ಆ ಕಣ್ಣಿಗೆ ಎಲ್ಲವೂ ಕಾಲನ ಕೈಗೆ ಸಿಕ್ಕಂತೆಯೇ ಕಾಣುತ್ತದೆ: ಹೂವನ್ನು ನೋಡಿದರೆ ಬಾಡಿದ ಹೂವು, ತರುಣಿಯ ಮುಖವನ್ನು ನೋಡಿದರೆ ಮುದುಕಿಯ ಮುಖ. ಲೋಕದ ಮೇಲೆ ಕರುಣೆ ಹುಟ್ಟಲಿ ಎಂದು ಗುರುಗಳು ಆ ಕಣ್ಣನ್ನು ಕೊಟ್ಟರು. ಸಾಯುವುದೆಲ್ಲವೂ ತುಚ್ಛವೆಂಬ ಭಾವನೆಯೇ ಅವನಲ್ಲಿ ಹೆಚ್ಚಾಗಿ ಬೆಳೆಯಿತು.

ಆದರೂ ಕರುಣೆ ಪೂರ್ತಿಯಾಗಿ ಸತ್ತಿರಲಿಲ್ಲ. ಎಲ್ಲರ ತಿರಸ್ಕಾರಕ್ಕೂ ಪಾತ್ರವಾದ ಒಂದು ಕುಬ್ಜಜಾತಿಯ ಬೂಪು ಎಂಬ ಮಂದಬುದ್ಧಿಯ ಹೆಣ್ಣನ್ನು ಅವನು ಮಗುವಿನಂತೆ ನೋಡಿಕೊಳ್ಳುತ್ತಾನೆ. ಇವನಿಂದ ಬೇರೆ ಯಾರೂ ಪಡೆಯದ ಮೃದುವಾದ ಮಾತನ್ನು ಆಕೆ ಪಡೆಯುತ್ತಾಳೆ. ಈ ಸಂಗತಿಯನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದು ಬೇಕಾಗುತ್ತದೆ.

ಇನ್ನು ಆತ್ಮಾಪಹಾರದ ವಿಷಯ. ಕ್ರಿನ್ ಲೋಕದ ಹಿಂದಿನ ಕಾಲದಲ್ಲಿ ಫಿಸ್ಟಾಂಡಾಂಟಿಲಸ್ ಎಂಬ ಮಹಾಮಾಂತ್ರಿಕನಿದ್ದನು. ಅವನು ಶಿಷ್ಯರನ್ನು ಸೇರಿಸಿಕೊಳ್ಳುತ್ತಿದ್ದನು. ಅವರಲ್ಲಿ ಎಲ್ಲರಿಗಿಂತ ಸತ್ವಶಾಲಿಯಾದವನನ್ನು ಆರಿಸಿ, ಒಂದು ರಕ್ತಮಣಿಯನ್ನು ಅವನ ಎದೆಗೆ ಒತ್ತಿ, ಅವನ ಪ್ರಾಣಸತ್ವವನ್ನೆಲ್ಲ ಹೀರಿಕೊಳ್ಳುತ್ತಿದ್ದನು. ಹೀಗೆ ತನ್ನ ಆಯುಸ್ಸನ್ನು ಮತ್ತೆ ಮತ್ತೆ ಬೆಳೆಸಿಕೊಂಡನು. ನಮ್ಮ ಕಥೆಗಳಲ್ಲಿ ಪರಕಾಯಪ್ರವೇಶವುಂಟು. ಶಂಕರಾಚಾರ್ಯರು ಅಮರುಕ ರಾಜನ ಶರೀರವನ್ನು ಹೊಕ್ಕರೆಂಬ ಐತಿಹ್ಯವನ್ನು ಕೇಳಿದ್ದೇವೆ. ಆದರೆ ಅಲ್ಲಿ ರಾಜನ ಪ್ರಾಣ ಮೊದಲೇ ಹೋಗಿರುತ್ತದೆ. ಬರಿದಾದ ಮನೆಯನ್ನು ಅತಿಥಿ ಹೊಕ್ಕಂತೆ. ಫಿಸ್ಟಾಂಡಾಂಟಿಲಸನದು ಆ ಬಗೆಯಲ್ಲ. ಯಜಮಾನನನ್ನು ಕೊಂದು ಮನೆಯನ್ನು ಸೂರೆಮಾಡುವ ದಾರಿ ಅವನದು. ಯೂರೋಪಿನ ಫೌಸ್ಟನ ಕಥೆಯನ್ನು ಮಾರ್ಲೋ ಕವಿಯಿಂದಲೋ ಗಯಟೆ ಕವಿಯಿಂದಲೋ ಬಲ್ಲವರು ಇನ್ನೊಂದು ಭೇದವನ್ನೂ ಗಮನಿಸಬಹುದು. ಫೌಸ್ಟನು ಜ್ಞಾನಕ್ಕಾಗಿ ತನ್ನ ಆತ್ಮವನ್ನು ಪಣವಾಗಿ ಒಡ್ಡಿದನು. ಈತನಾದರೋ ಇತರರ ಆತ್ಮಗಳನ್ನು ವೆಚ್ಚಮಾಡಿದನು.

ರೇಸ್ಟ್ಲಿನ್ ಮಂತ್ರಬಲದಿಂದ ಆ ಹಿಂದಿನ ಕಾಲಕ್ಕೆ ಹೋಗಿ ಈ ಗುರುವಿನ ಶಿಷ್ಯನಾಗುತ್ತಾನೆ. ಗುರುವು ಮಣಿಯನ್ನು ಎತ್ತಿದಾಗ ಶಿಷ್ಯನು ಅದನ್ನು ಗುರುವಿನ ಕಡೆಗೇ ತಿರುಗಿಸುತ್ತಾನೆ. ಹೀರಬಂದವನನ್ನೇ ಹೀರಿಬಿಡುತ್ತಾನೆ. ಗುರುವಿನ ವಿದ್ಯೆ, ನೆನಪು, ವೇಷ, ಹೆಸರು ಎಲ್ಲವೂ ಶಿಷ್ಯನವಾಗುತ್ತವೆ. ಇಲ್ಲಿ ಗ್ರಂಥಕರ್ತರು ಕಥೆಗೆ ಒಂದು ಗಂಟು ಹಾಕಿದ್ದಾರೆ. ಇಬ್ಬರ ಆತ್ಮ ಒಂದರಲ್ಲೊಂದು ಬೆರೆತ ಮೇಲೆ ಉಳಿದವನು ಯಾರು? ಗೆದ್ದವನು ತಾನೋ, ಸೋತಂತೆ ನಟಿಸಿ ತನ್ನೊಳಗೆ ಸೇರಿಕೊಂಡ ಗುರುವೋ ಎಂಬ ಸಂಶಯ ರೇಸ್ಟ್ಲಿನ್ನನನ್ನು ಬಿಡದೆ ಕಾಡುತ್ತದೆ. ಫಿಸ್ಟಾಂಡಾಂಟಿಲಸನ ಚರಿತ್ರೆ ಆ ಲೋಕದ ಪುಸ್ತಕಗಳಲ್ಲಿ ಮೊದಲೇ ಬರೆದಿದೆ. ಅವನು ಎಲ್ಲಿ, ಹೇಗೆ ನಾಶವಾದನೆಂಬುದೂ ಬರೆದಿದೆ. ಈತನು ಇಟ್ಟ ಒಂದೊಂದು ಹೆಜ್ಜೆಯೂ ಆ ಹಳೆಯ ಹೆಜ್ಜೆಯ ಮೇಲೆಯೇ ಬೀಳುತ್ತದೆ. ಮತ್ತೊಬ್ಬನ ಆತ್ಮವನ್ನು ಕದ್ದವನಿಗೆ ಅವನ ಪ್ರಾರಬ್ಧವೂ ಅಂಟಿಕೊಂಡಿತು.

ಗುರುವು ಶಿಷ್ಯರನ್ನು ಹೀರುತ್ತಿದ್ದುದು ಬದುಕಿಕೊಳ್ಳುವುದಕ್ಕಾಗಿ. ರೇಸ್ಟ್ಲಿನ್ನನಿಗೆ ಅಷ್ಟರಿಂದ ತೃಪ್ತಿಯಿಲ್ಲ. ಟಾಕಿಸಿಸ್ ರಾಣಿಯ ಅಧೋಲೋಕಕ್ಕೆ ಒಂದು ದ್ವಾರವುಂಟು. ಮಹಾಶಕ್ತನಾದ ಕರಿಯ ಮಾಂತ್ರಿಕನೂ, ಪಾಲಡೈನನಲ್ಲಿ ನಿಜವಾದ ಭಕ್ತಿಯುಳ್ಳ ಅರ್ಚಕರೊಬ್ಬರೂ ಜೊತೆಯಾಗಿ ನಿಂತರೆ ಮಾತ್ರ ಅದು ತೆರೆಯುತ್ತದೆ. ಅಂಥ ಜೋಡಿ ಎಂದಿಗೂ ಕೂಡದೆಂಬ ಧೈರ್ಯದಿಂದ ಹಿರಿಯರು ಹಾಗೆ ಕಟ್ಟುಮಾಡಿದ್ದರು. ರೇಸ್ಟ್ಲಿನ್ ಒಳಗೆ ಹೋಗಿ, ರಾಣಿಯನ್ನು ಮನುಷ್ಯಲೋಕಕ್ಕೆ ಸೆಳೆದು ತಂದು, ಇಲ್ಲಿ ಅವಳನ್ನು ಕೊಂದು, ಅವಳ ಪೀಠವನ್ನೇರಿ, ಬಳಿಕ ಉಳಿದ ದೇವತೆಗಳನ್ನೂ ಒಬ್ಬೊಬ್ಬರಾಗಿ ಗೆಲ್ಲಬೇಕೆಂದು ಹಂಚಿಕೆ ಹಾಕಿದನು. ಜೊತೆಗೆ ಬೇಕಾದ ಅರ್ಚಕಿಯಾಗಿ ಕ್ರಿಸೇನಿಯಾ ಎಂಬ ಸಾಧ್ವಿ ದೊರೆತಳು. ಈತನನ್ನು ಉದ್ಧಾರ ಮಾಡುತ್ತೇನೆಂದು ಆಕೆ ಬಂದಳು. ಆದರೆ ಉದ್ಧರಿಸಿದವಳೆಂಬ ಕೀರ್ತಿಯ ಬಯಕೆಯೂ ಒಳಗೆ ಸ್ವಲ್ಪ ಇತ್ತು. ಆ ಸಂದಿನಲ್ಲಿಯೇ ಅವನು ಕೈ ತೂರಿಸಿದನು.

ಇದೇ ಆಶೆಯ ಮತ್ತೊಂದು ರೂಪವನ್ನು ಗ್ರಂಥಕರ್ತರು ಪಕ್ಕದಲ್ಲಿಯೇ ನಿಲ್ಲಿಸಿದ್ದಾರೆ. ರೇಸ್ಟ್ಲಿನ್ ಹಿಂದಿನ ಕಾಲಕ್ಕೆ ಹೋಗಿ ಸೇರಿದ್ದು ಇಸ್ಟಾರ್ ಎಂಬ ಮಹಾನಗರವನ್ನು. ಅಲ್ಲಿ ರಾಜನೂ ಗುರುವೂ ತಾನೇ ಆಗಿದ್ದ ಒಬ್ಬ ಧರ್ಮಾಧಿಕಾರಿಯಿದ್ದನು. ಅವನು ದುಷ್ಟನಲ್ಲ. ಲೋಕದಿಂದ ಪಾಪವನ್ನು ಬೇರುಸಹಿತ ಕಿತ್ತುಹಾಕಬೇಕೆಂಬುದು ಅವನ ಹಟ. ಅವನ ಆಳ್ವಿಕೆಯಲ್ಲಿ ಮನಸ್ಸಿನಲ್ಲಿ ಕೆಟ್ಟ ಆಲೋಚನೆ ಮೂಡಿದರೂ ಅಪರಾಧವೇ. ಜೊತೆಗೆ, ಧರ್ಮದ ಆ ರಾಜಧಾನಿಯಲ್ಲಿ ದಾಸರನ್ನು ಕೊಂಡು ಮಾರುವುದೂ ನಡೆಯುತ್ತಿತ್ತು. ಕೊನೆಗೆ ಅವನು ಪ್ರಾರ್ಥನೆಯನ್ನು ಬಿಟ್ಟು ದೇವರುಗಳಿಗೆ ಆಜ್ಞೆ ಮಾಡಲು ಎದ್ದು ನಿಂತನು. ದೇವರುಗಳು ನಿಜವಾದ ಭಕ್ತರನ್ನು ಮೊದಲೇ ಕರೆದುಕೊಂಡು, ಎಚ್ಚರಿಕೆಯ ಉತ್ಪಾತಗಳನ್ನು ತೋರಿಸಿ, ಆಮೇಲೆ ಉರಿಯುವ ಬೆಟ್ಟವೊಂದನ್ನು ಆ ನಗರದ ಮೇಲೆ ಎಸೆದರು. ಇಸ್ಟಾರ್ ಸಮುದ್ರದ ಪಾಲಾಯಿತು. ಧರ್ಮಾಧಿಕಾರಿಯು ಬೆಳಕಿನ ದಾರಿಯಿಂದಲೂ ಮಾಂತ್ರಿಕನು ಕತ್ತಲೆಯ ದಾರಿಯಿಂದಲೂ ಹೊರಟು ಒಂದೇ ಬಾಗಿಲ ಮುಂದೆ ಬಂದು ನಿಲ್ಲುತ್ತಾರೆ.

ಇಲ್ಲಿ ಕೇಳುಗರಲ್ಲಿ ಒಂದು ಆಕ್ಷೇಪಣೆ ಏಳಬಹುದು, ಅದು ಏಳಬೇಕಾದುದೇ. ಒಬ್ಬನ ಅಹಂಕಾರಕ್ಕಾಗಿ ಒಂದು ನಗರವನ್ನೇ ಮುಳುಗಿಸಿದ ಈ ದೇವತೆಗಳು ಎಂಥವರು? ಅವರನ್ನು ಪೀಠದಿಂದ ಇಳಿಸಬೇಕೆಂದು ಒಬ್ಬನು ಹೊರಟರೆ ತಪ್ಪೇನು? ಹುಟ್ಟಿದಂದಿನಿಂದ ನೋವನ್ನುಂಡು, ದುರ್ಬಲರ ಕಷ್ಟವನ್ನು ತನ್ನ ಮೈಯಲ್ಲಿಯೇ ತಿಳಿದ ರೇಸ್ಟ್ಲಿನ್ ಅವರಿಗಿಂತ ಉತ್ತಮನಾದ ದೇವರಾಗಲಾರನೆ? ಬೂಪುವಿನಂಥವಳನ್ನು ಕೈಹಿಡಿದು ನಡೆಸಿದವನಲ್ಲವೆ? ಈ ಪ್ರಶ್ನೆಗಳನ್ನು ತಳ್ಳಿಹಾಕುವುದು ನ್ಯಾಯವಲ್ಲ. ಅವನ ದೂರಿನಲ್ಲಿ ಸತ್ಯವಿದೆ. ಆದುದರಿಂದಲೇ ಗ್ರಂಥಕರ್ತರು ಅವನನ್ನು ಸೋಲಿಸಿ ಪಾಠ ಹೇಳುವ ಸುಲಭಮಾರ್ಗವನ್ನು ಹಿಡಿಯಲಿಲ್ಲ. ಅವನನ್ನು ಗೆಲ್ಲಿಸಿ ತೋರಿಸಿದರು.

ಹೇಗೆಂದರೆ, ತಮ್ಮನ ಹಿಂದೆ ಹಿಂದಿನ ಕಾಲಕ್ಕೆ ಬಂದಿದ್ದ ಕ್ಯಾರಮನ್, ಕಾಲಯಾನದ ಯಂತ್ರದಿಂದ ತನ್ನ ಊರಿಗೆ ಹಿಂದಿರುಗುತ್ತೇನೆಂದು ಹೊರಟು, ಲೆಕ್ಕ ಸ್ವಲ್ಪ ತಪ್ಪಿ, ಎರಡು ವರ್ಷ ಮುಂದಿನ ಕಾಲಕ್ಕೆ ಹೋಗಿ ಇಳಿಯುತ್ತಾನೆ. ಮಹಾವೃಕ್ಷಗಳ ಕೊಂಬೆಗಳ ಮೇಲೆ ಮನೆಗಳನ್ನು ಕಟ್ಟಿಕೊಂಡಿದ್ದ ಊರು ಅದು. ಈಗ ಅಲ್ಲಿರುವುದು ಕೆಸರು, ಸುಟ್ಟ ಮೋಟುಮರಗಳು, ನಿಲ್ಲದ ಸಿಡಿಲು. ಒಂದು ಹಕ್ಕಿಯಿಲ್ಲ, ಒಂದು ಹುಲ್ಲಿಲ್ಲ. ತನ್ನ ಹೆಣವನ್ನೇ ತಾನು ಅಲ್ಲಿ ಕಾಣುತ್ತಾನೆ. ತಲೆಯೆತ್ತಿ ನೋಡಿದರೆ ಆಕಾಶದಲ್ಲಿ ದೇವತೆಗಳ ನಕ್ಷತ್ರಮಂಡಲಗಳು ಇಲ್ಲ. ಹೊಸದೊಂದು ಮಂಡಲ ಮಾತ್ರ ಬೆಳಗುತ್ತಿದೆ. ಅದರ ಆಕಾರ ಮರಳುಗಡಿಯಾರ. ತಮ್ಮನು ಗೆದ್ದಿದ್ದನು. ಇಪ್ಪತ್ತೊಂದು ದೇವತೆಗಳ ಪೀಠಗಳೂ ಬರಿದಾಗಿದ್ದುವು. ಲೋಕಕ್ಕೆ ಒಬ್ಬನೇ ದೇವರು ಉಳಿದಿದ್ದನು. ಅವನನ್ನು ನೋಡುವವರು ಮಾತ್ರ ಯಾರೂ ಉಳಿದಿರಲಿಲ್ಲ.

ಬೂಪುವಿಗೆ ಸ್ನೇಹ ಕೊಟ್ಟವನು ದುರ್ಬಲರ ದೇವರಾಗಬಹುದಾಗಿತ್ತಲ್ಲವೆ ಎಂದು ಕೇಳಿದೆವಷ್ಟೆ. ಅವನ ರಾಜ್ಯದಲ್ಲಿ ದುರ್ಬಲರೇ ಇಲ್ಲ. ಏಕೆಂದರೆ ಜೀವವುಳ್ಳದ್ದೇ ಇಲ್ಲ. ದೇವತೆಗಳನ್ನು ಕೊಲ್ಲುವ ಬಲ ಅವನಿಗಿತ್ತು. ಕೊಂದ ಮೇಲೆ ಒಂದು ಗರಿಕೆಯನ್ನು ಮೊಳೆಯಿಸುವ ಬಲ ಅವನಲ್ಲಿರಲಿಲ್ಲ.

ಇದು ಕಥೆಯ ಕೊನೆಗೆ ಥಟ್ಟನೆ ತಂದು ಅಂಟಿಸಿದ ನೀತಿಯಲ್ಲ. ಬೀಜವು ಮೊದಲಿನಲ್ಲಿಯೇ ಬಿದ್ದಿದೆ. ರೇಸ್ಟ್ಲಿನ್ನನ ಗೋಪುರದ ನೆಲಮಾಳಿಗೆಯಲ್ಲಿ, ಒಂದು ಕೊಳದ ಸುತ್ತ, ಕೆಲವು ಜೀವಿಗಳು ಬಿದ್ದಿರುತ್ತವೆ. ಸೃಷ್ಟಿಕಾರ್ಯವನ್ನು ತಾನೂ ಮಾಡಬಲ್ಲೆನೆಂದು ಅವನು ಮಾಡಿನೋಡಿದ ಪ್ರಯೋಗದ ಫಲ ಅವು. ಸರಿಯಾದ ರೂಪವಿಲ್ಲದೆ, ನೋವಿನಿಂದ ಹೊರಳುತ್ತ, ತಮ್ಮನ್ನು ಹುಟ್ಟಿಸಿದವನ ಅಪ್ಪಣೆಯನ್ನು ಕಾಯುತ್ತ ಬಿದ್ದಿವೆ. ಡಲಮಾರ್ ಎಂಬ ಅವನ ಶಿಷ್ಯನು ಅವನ್ನು ನೋಡಿ ನಡುಗುತ್ತಾನೆ. ಆ ಶಿಷ್ಯನ ಎದೆಯ ಮೇಲೆಯೂ ಗುರುವಿನ ಐದು ಬೆರಳುಗಳು ಊರಿದ ಐದು ಗಾಯಗಳಿವೆ. ಅವು ಎಂದಿಗೂ ಮಾಯುವುದಿಲ್ಲ. ಮುಟ್ಟಿದ್ದನ್ನೆಲ್ಲ ಸುಡುವ, ಹೀರುವ, ಕಸಿಯುವ ಅಭ್ಯಾಸವಾದ ಕೈಗೆ ಕೊಡುವ ಕೆಲಸ ಬಾರದೆ ಹೋಯಿತು. ಅವನ ಅಣ್ಣನಿಗೆ ಮಂತ್ರವೊಂದೂ ತಿಳಿಯದು. ಆದರೆ ಮನೆಯನ್ನು ಕಟ್ಟಬಲ್ಲನು, ಬಿದ್ದವನನ್ನು ಎತ್ತಬಲ್ಲನು. ದೇವತ್ವವೆಂದರೆ ಶಕ್ತಿಯ ಕೊನೆಯ ಮೆಟ್ಟಿಲು ಎಂದು ರೇಸ್ಟ್ಲಿನ್ ಎಣಿಸಿದ್ದನು. ಮೆಟ್ಟಿಲನ್ನು ಮುಗಿಸಿದ ಮೇಲೆ, ದೇವರ ಕೆಲಸವೆಂದರೆ ಸೃಷ್ಟಿ ಮತ್ತು ಪೋಷಣೆ ಎಂದು ತಿಳಿಯಿತು. ಅದಕ್ಕೆ ಬೇಕಾದ ವಿದ್ಯೆಯನ್ನು ಅವನು ಯಾವ ಆತ್ಮದಿಂದಲೂ ಕದಿಯಲಿಲ್ಲ. ಅದು ಕದಿಯಲು ಬರುವಂಥದೂ ಅಲ್ಲ.

ಕ್ಯಾರಮನ್ ಆ ಸತ್ತ ಲೋಕದಿಂದ ಹಿಂದಿರುಗಿ, ಅಧೋಲೋಕದ ದ್ವಾರಕ್ಕೆ ಸರಿಯಾದ ಹೊತ್ತಿಗೆ ಬಂದು, ತಮ್ಮನಿಗೆ ಎದುರಾಗುತ್ತಾನೆ. ಅಷ್ಟರಲ್ಲಿ ಕ್ರಿಸೇನಿಯಾ ಅಧೋಲೋಕದಲ್ಲಿ ಇವನ ಪಾಲಿನ ಪೆಟ್ಟುಗಳನ್ನೆಲ್ಲ ತಾನು ತಿಂದು, ಕಣ್ಣು ಕಳೆದುಕೊಂಡು ಬಿದ್ದಿರುತ್ತಾಳೆ. ಕೆಲಸ ತೀರಿದ ಮೇಲೆ ಈತನು ಅವಳನ್ನು ಬಿಟ್ಟು ನಡೆದಿರುತ್ತಾನೆ. ಗೆಲುವು ಕೈಯಳತೆಯಲ್ಲಿದೆ. ಆಗ ಅಣ್ಣನು ಖಡ್ಗದಿಂದ ಅವನನ್ನು ತಡೆಯಲಿಲ್ಲ, ತಡೆಯಬೇಕೆಂದಿದ್ದರೂ ಆಗುತ್ತಿರಲಿಲ್ಲ. ತಾನು ಕಂಡುದನ್ನು ತಿಳಿಸಿದನು, ಅಷ್ಟೆ. ಸುಳ್ಳಾಡಲು ಬಾರದ ಅಣ್ಣನ ಮುಖದಲ್ಲಿ ತಮ್ಮನು ತನ್ನ ಗೆಲುವನ್ನು ಓದಿಕೊಂಡನು: ಮುಗಿಯದ ಕಾಲ, ಬರಿದಾದ ಲೋಕ, ಅದರ ನಡುವೆ ತಾನೊಬ್ಬನೇ. ತನ್ನ ದಂಡವನ್ನು ಅಣ್ಣನ ಕೈಗಿತ್ತನು. ಕ್ರಿಸೇನಿಯಾಳನ್ನು ಎತ್ತಿಕೊಂಡು ಹೋಗಿ ದ್ವಾರವನ್ನು ಮುಚ್ಚಿಬಿಡೆಂದು ಹೇಳಿದನು. ಹಿಂದೆ ಅಟ್ಟಿ ಬರುತ್ತಿದ್ದ ರಾಣಿಯನ್ನು ತಡೆಯುವುದಕ್ಕಾಗಿ ತಾನು ಒಳಗೆ ಉಳಿದನು. ಯಾತನೆ ಕಾದಿದೆಯೆಂದು ಅವನಿಗೆ ಗೊತ್ತಿತ್ತು. ಕೊನೆಯಲ್ಲಿ ಗ್ರಂಥಕರ್ತರು ಅವನಿಗೆ ಕನಸಿಲ್ಲದ ಒಂದು ನಿದ್ರೆಯನ್ನು ಅನುಗ್ರಹಿಸಿದ್ದಾರೆ. ಓದುವವರಿಗೆ ಅದು ಹೆಚ್ಚಾಯಿತೆಂದು ತೋರುವುದಿಲ್ಲ.

ಭಸ್ಮಾಸುರನು ತನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡದ್ದು ಮೋಸಹೋಗಿ. ರೇಸ್ಟ್ಲಿನ್ ಇಟ್ಟುಕೊಂಡದ್ದು ತಿಳಿದು. ಇದೇ ಈ ಹೊಸ ಕಥೆಯ ವಿಶೇಷವೆಂದು ನಮಗೆ ತೋರುತ್ತದೆ. ಅವನನ್ನು ಯಾವ ದೇವರೂ ಗೆಲ್ಲಲಿಲ್ಲ; ಸತ್ಯವನ್ನು ನೋಡಬಲ್ಲ ಅವನ ಬುದ್ಧಿಯೇ ಗೆದ್ದಿತು. ಆಶೆಯು ಎಷ್ಟು ಬೆಳೆದಿದ್ದರೂ, ತನಗೆ ಒಗ್ಗದ ಸತ್ಯವನ್ನು ಸತ್ಯವೆಂದು ಒಪ್ಪುವ ಗುಣವೊಂದನ್ನು ಅವನು ಉಳಿಸಿಕೊಂಡಿದ್ದನು. ಇಸ್ಟಾರಿನ ಧರ್ಮಾಧಿಕಾರಿಗೆ ಎಚ್ಚರಿಕೆಗಳ ಮೇಲೆ ಎಚ್ಚರಿಕೆಗಳು ಬಂದುವು. ಅವನು ಒಂದನ್ನೂ ಓದಲಿಲ್ಲ. ಕರಿಯ ನಿಲುವಂಗಿಯವನಿಗೆ ಬಂದುದು ಒಂದೇ ಎಚ್ಚರಿಕೆ, ಅವನು ಓದಿದನು. ತಾನು ಒಳ್ಳೆಯವನೆಂದು ನಂಬಿದ್ದವನಿಗೆ ಇಲ್ಲದಿದ್ದ ಈ ಗುಣವು, ತಾನು ಕೆಟ್ಟವನೆಂದು ಬಲ್ಲವನಲ್ಲಿತ್ತು.

ದಾಳ ಉರುಳಿಸುವ ಆಟವೊಂದರಿಂದ ಹುಟ್ಟಿದ ಕಥೆಯೆಂದು ಇದನ್ನು ಕಡೆಗಣಿಸುವವರು ಇದ್ದಾರೆ. ಕಥೆ ಎಲ್ಲಿ ಹುಟ್ಟಿತೆಂಬುದು ಅಷ್ಟು ಮುಖ್ಯವಲ್ಲ. ಮಾನವನ ಕೈಗೆ ಬರುವ ಶಕ್ತಿ ದಿನದಿನಕ್ಕೆ ಬೆಳೆಯುತ್ತಿರುವ ಕಾಲದಲ್ಲಿ, ಆ ಶಕ್ತಿಯನ್ನು ಯಾರಿಂದ ಕಸಿದು ತಂದೆವು, ತಂದು ಏನನ್ನು ಬೆಳೆಸಬಲ್ಲೆವು ಎಂದು ಕೇಳಿಸುವ ಕಥೆ ಎಲ್ಲಿಂದ ಬಂದರೂ ಕೇಳತಕ್ಕದ್ದೇ. ಗೆದ್ದರೆ ಏನಾಗುವುದೆಂಬುದನ್ನು ಗೆಲ್ಲುವ ಮೊದಲೇ ನಮಗೆ ಬಂದು ಹೇಳುವ ಅಣ್ಣನೊಬ್ಬನಿದ್ದರೆ ಅದು ಭಾಗ್ಯ. ಅವನ ಮಾತನ್ನು ನಂಬುವ ಬುದ್ಧಿಯಿದ್ದರೆ ಅದು ಇನ್ನೂ ದೊಡ್ಡ ಭಾಗ್ಯ.